ಕೋಚ್ ಸರ್ ಕೊರಳಿನ ವಿಸಿಲ್

ಪ್ರಿನ್ಸಿಪಾಲರ ಕೋಣೆಯಲ್ಲಿ ಮೂವರು ಕುಳಿತಿದ್ದೆವು: ಪ್ರಿನ್ಸಿಪಾಲರು, ಗಣಿತದ ಮೇಡಂ, ಹಳೆಯ ವಿದ್ಯಾರ್ಥಿಗಳ ಪರವಾಗಿ ಟೈರ್ ಅಂಗಡಿಯ ನಾನು. ಫುಟ್‌ಬಾಲ್ ಕೋಚ್ ಸರ್ ಅವರನ್ನು ಇಟ್ಟುಕೊಳ್ಳಬೇಕೋ, ಕಳಿಸಬೇಕೋ ಎಂಬುದು ಅಂದೇ ತೀರ್ಮಾನವಾಗಬೇಕಿತ್ತು. ಮೇಡಂ ಕಳಿಸಿ ಎಂದಿದ್ದರು, ಪ್ರಿನ್ಸಿಪಾಲರು ಇರಲಿ ಎಂದಿದ್ದರು. ಉಳಿದದ್ದು ನನ್ನ ಮಾತು.

"ಬೈಗುಳ ಬಿಟ್ರೆ ಅವರ ಬಾಯಲ್ಲಿ ಬೇರೆ ಮಾತೇ ಇಲ್ಲ ಸರ್," ಎಂದ, ವಿಚಾರಿಸಲು ನಾವು ಒಳಗೆ ಕರೆಸಿದ್ದ ತಂಡದ ಕ್ಯಾಪ್ಟನ್. "ಚೆನ್ನಾಗಿ ಆಡಿದ ದಿನಾನೂ ಅಷ್ಟೆ. ಅದು ಸಾಲದು ಅಂತ ವಿಸಿಲ್ ಬಿಚ್ಚಿ ನಮ್ಮ ಕೈಗೆ ಕೊಟ್ಟು, ತಾವು ಬೆಂಚಿನ ಮೇಲೆ ಕೂತ್ಕೋತಾರೆ. ಸಂಬಳ ಅವರಿಗೆ, ಊದೋದು ನಾವು!"

"ನಿನಗೂ ಕೊಟ್ಟಿದ್ದಾರಾ?" ಎಂದೆ.

"ನನಗೇ ಜಾಸ್ತಿ!"

ನನ್ನ ಹೊಟ್ಟೆ ಉರಿಯಿತು. ನಮ್ಮ ಕಾಲದಲ್ಲಿ ಎಲ್ಲರಿಗೂ ಗೊತ್ತಿತ್ತು: ಸರ್ ಹೊಗಳುವವರಲ್ಲ, ಯಾರ ಆಟ ಮೆಚ್ಚಿದರೋ ಅವನ ಕೈಗೆ ವಿಸಿಲ್ ಕೊಡುತ್ತಾರೆ. ಆಮೇಲೆ ಅವನು ಊದಿದಂತೆ ಎಲ್ಲರೂ ಓಡಬೇಕು. ಮೂರು ವರ್ಷ ಆಡಿದೆ, ಅದು ನನ್ನ ಕೈಗೆ ಬರಲೇ ಇಲ್ಲ. ಈಗಲೂ ಬೀದಿಯಲ್ಲಿ ಯಾರಾದರೂ ವಿಸಿಲ್ ಊದಿದರೆ ನನ್ನ ಕೈಯ ಸ್ಪ್ಯಾನರ್ ನಿಲ್ಲುತ್ತದೆ.

ವಿಷಯ ತಿಳಿಸಿದೆ. ಕ್ಯಾಪ್ಟನ್ ಕಣ್ಣರಳಿಸಿದ. "ಹಾಗಂತ ನಮಗೆ ಯಾರು ಹೇಳ್ಬೇಕಿತ್ತು ಸರ್?"

ನ್ಯಾಯವೇ. ಉಪ್ಪು ಡಬ್ಬಿಯಲ್ಲೇ ಇದ್ದರೆ ಅಡುಗೆಗೆ ರುಚಿ ಎಲ್ಲಿಂದ?

"ಸರ್ ಇರಲಿ. ಆದ್ರೆ ಮೆಚ್ಚಿದ್ದನ್ನ ಬಾಯಿಬಿಟ್ಟು ಹೇಳ್ಬೇಕು," ಎಂದೆ. ಒಂದು ತಿಂಗಳು ನೋಡೋಣ ಎಂದು ಮೇಡಂ ಕೂಡ ಒಪ್ಪಿದರು.

ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದ ಸರ್‌ಗೆ ನಾನೇ ತಿಳಿಸಿದೆ.

"ಬಾಯಲ್ಲಿ ಹೇಳಿದ್ರೆ ತಲೆ ಮೇಲೆ ಕೂರ್ತಾರೆ ಕಣೋ."

"ಹೇಳದಿದ್ರೆ ನೀವು ಮನೇಲಿ ಕೂರ್ತೀರಿ ಸರ್."

ನಕ್ಕರು. ಆ ಧೈರ್ಯದ ಮೇಲೆ ಕೇಳಿಯೇಬಿಟ್ಟೆ: "ನನಗ್ಯಾಕೆ ಒಂದ್ಸಲಾನೂ ವಿಸಿಲ್ ಕೊಡ್ಲಿಲ್ಲ?"

"ಬಾಲ್ ಸಿಕ್ಕಿದ್ರೆ ನೀನು ಯಾರಿಗೆ ಕೊಡ್ತಿದ್ದೆ, ಹೇಳು?"

ಸಂಜೆ ಮೈದಾನದ ಅಂಚಿನಲ್ಲಿ ನಿಂತೆ. ಸರ್ ಗಂಟಲು ಸರಿಮಾಡಿಕೊಂಡು, ಕಹಿ ಔಷಧಿ ಕುಡಿದವರ ಮುಖ ಮಾಡಿ, ಗೋಲ್‌ಕೀಪರ್‌ಗೆ "ಚೆನ್ನಾಗಿ ಹಿಡಿದೆ" ಎಂದರು. ಅವನು ತಬ್ಬಿಬ್ಬಾಗಿ ಮುಂದಿನ ಚೆಂಡನ್ನೇ ಬಿಟ್ಟ.

ಒಂದು ಚೆಂಡು ಉರುಳುತ್ತಾ ನನ್ನ ಬಳಿ ಬಂತು. ಗೋಲು ಎದುರಿಗೇ ಇತ್ತು. ಕಾಲು ತುರಿಸಿತು. ಆದರೂ ಹತ್ತಿರದ ಆಟಗಾರನ ಕಾಲಿಗೆ ಮೆತ್ತಗೆ ತಳ್ಳಿದೆ. ಸರ್ ನೋಡಿದರು. ಅವರ ಕೈ ಕೊರಳಿನ ವಿಸಿಲ್‌ಗೆ ಹೋಯಿತು. ನಾನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡೆ.

ತಾವೇ ಊದಿದರು. "ಏ ಟೈರ್, ಗೆರೆಯಿಂದ ಆಚೆ ನಿಂತ್ಕೊಳೋ!"

ಆಚೆ ನಿಂತೆ. ನಾಳೆಯೂ ಅಂಗಡಿ ಬೇಗ ಮುಚ್ಚಿ ಬರಬೇಕು ಅನ್ನಿಸಿತು.