ಆರೋಗ್ಯವಂತರ ಮಾದರಿ

ಫ್ಯಾನಿನ ಒಂದು ರೆಕ್ಕೆ ಸುತ್ತಿಗೊಮ್ಮೆ ಟಕ್ ಎನ್ನುತ್ತಿದೆ, ಟಕ್, ಅದನ್ನೇ ಎಣಿಸುತ್ತ ಕೂತರೆ ವೇದಿಕೆಯ ಮಾತು ಕಿವಿಗೆ ಬೀಳುವುದಿಲ್ಲ ಎಂದುಕೊಂಡಿದ್ದಳು, ಆದರೆ ಕಿವಿಗೇನು ಬಾಗಿಲಿದೆಯೇ, ವಕೀಲರು ಆಗಲೇ ಮೇಜು ಗುದ್ದುತ್ತಿದ್ದಾರೆ, ತನ್ನ ವಂಶವಾಹಿಯಲ್ಲಿ ಏನಿದೆ ಅಂತ ತಿಳಿಯೋ ಹಕ್ಕು ಇದ್ದಹಾಗೇ ತಿಳಿಯದೇ ಇರೋ ಹಕ್ಕೂ ಮನುಷ್ಯನಿಗೆ ಇದೆ ಸ್ವಾಮಿ, ಪಕ್ಕದ ಡಾಕ್ಟರು ಬಿಡುವುದಿಲ್ಲ, ಹಾಗಾದ್ರೆ ನಾಳೆ ಹುಟ್ಟೋ ಮಗುವಿನ ಹಕ್ಕು ಎಲ್ಲಿ ಹೋಯ್ತು ಸಾರ್, ಸಭೆ ಇವರಿಗೂ ಚಪ್ಪಾಳೆ ತಟ್ಟುತ್ತದೆ, ಅವರಿಗೂ ತಟ್ಟುತ್ತದೆ, ಪುಕ್ಕಟೆ ಚಪ್ಪಾಳೆ ತಾನೇ — ಪಕ್ಕದ ಕುರ್ಚಿಯಲ್ಲಿ ತಂಗಿ, ನೀನು ಲ್ಯಾಬಿನವಳು, ನಿಂಗೆ ಇದೆಲ್ಲ ಗೊತ್ತಿರುತ್ತೆ ಬಾರೇ ಅಕ್ಕ ಅಂತ ಎಳೆದು ತಂದವಳು. ಗೊತ್ತಿದೆ, ಅಯ್ಯೋ, ಗೊತ್ತಿರುವುದೇ ತನ್ನ ಕರ್ಮ, ಒಂಬತ್ತು ದಿನದಿಂದ ಗೊತ್ತಿದೆ. ಅಮ್ಮನಿಗೆ ಮೊದಲು ಶುರುವಾಗಿದ್ದು ಕಿರುಬೆರಳಲ್ಲಿ, ಲೋಟ ಹಿಡಿದರೆ ಅದೊಂದೇ ತನ್ನಷ್ಟಕ್ಕೆ ಎದ್ದು ಕುಣಿಯುತ್ತಿತ್ತು, ಎಲ್ಲರೂ ನಕ್ಕಿದ್ದರು, ಅಮ್ಮನೂ ನಕ್ಕಿದ್ದಳು, ಆಮೇಲೆ ಕೈ, ಕಾಲು, ನಾಲಿಗೆ, ಕೊನೆಗೆ ಮಕ್ಕಳ ಹೆಸರೂ ಹೋಯಿತು, ಹನ್ನೊಂದು ವರ್ಷ. ಹೆತ್ತವರಲ್ಲಿ ಒಬ್ಬರಿಗಿದ್ದರೆ ಮಕ್ಕಳಿಗೆ ಅರ್ಧಕ್ಕರ್ಧ ಸಾಧ್ಯತೆ ಅಂದರು ಆಸ್ಪತ್ರೆಯಲ್ಲಿ, ಆದರೆ ಮನೆಯಲ್ಲಿ ಲೆಕ್ಕ ಬೇರೆ, ಅಮ್ಮನ ಮೂಗು ಅಮ್ಮನ ಸಿಟ್ಟು ದೊಡ್ಡವಳಿಗೆ, ಚಿಕ್ಕವಳು ಅಪ್ಪನ ಪಡಿಯಚ್ಚು, ಬಂದ್ರೆ ದೊಡ್ಡವಳಿಗೇ ಬರೋದು ಅಂದಿದ್ದಳು ಸೋದರತ್ತೆ, ಮೂಗಿಗೂ ಕಾಯಿಲೆಗೂ ಸಂಬಂಧ ಇಲ್ಲ ಅಂತ ಲ್ಯಾಬಿಗೆ ಬಂದ ಹೊಸಬರಿಗೆಲ್ಲ ಪಾಠ ಹೇಳುವವಳು ತಾನೇ, ಆದರೂ ಒಳಗೊಳಗೇ ಅದನ್ನೇ ನಂಬಿದ್ದಳಲ್ಲ, ಥೂ.

ನಂಬಿದ್ದಕ್ಕೇ ತನ್ನ ರಕ್ತ ಪರೀಕ್ಷೆಗೆ ಇಡುವಾಗ ಹೋಲಿಸಿ ನೋಡಲು ತಂಗಿಯದನ್ನು ಇಟ್ಟಳು, ಲ್ಯಾಬಿನಲ್ಲಿ ಹೋಲಿಕೆಗೆ ಯಾರೋ ಒಬ್ಬರು ಗಟ್ಟಿಮುಟ್ಟಾದವರ ರಕ್ತ ಬೇಕೇ ಬೇಕು, ಮಷೀನು ಸರಿ ಇದೆಯಾ ನೋಡ್ಬೇಕು ಒಂದು ಟ್ಯೂಬ್ ಕೊಡೇ ಅಂದರೆ ಇವಳು ನಗುತ್ತ ತೋಳು ಚಾಚಿದಳು, ತಗೋ, ನಂದೇನು ಬತ್ತಿಹೋಗುತ್ತಾ, ಟ್ಯೂಬಿನ ಮೇಲೆ ತಾನೇ ಬರೆದಿದ್ದು, ಆರೋಗ್ಯವಂತರ ಮಾದರಿ. ಪರದೆಯಲ್ಲಿ ತನ್ನದು ಶುದ್ಧ. ತಂಗಿಯದರಲ್ಲಿ ಇರಬೇಕಾದ ಕಡೆ ಒಂದು ಗೆರೆ ಎದ್ದಿತ್ತು, ಇರಬಾರದ ಕಡೆ ಇನ್ನೊಂದು, ಅಮ್ಮನ ಕಾಯಿಲೆಯದು. ಮತ್ತೆ ಮಾಡಿದಳು, ಮೂರು ಸಲ, ಆ ಗೆರೆ ಮೂರು ಸಲವೂ ಎದ್ದಿತು, ಅಮ್ಮನ ಕಿರುಬೆರಳು ಎದ್ದಹಾಗೆ. ಹೇಳಿದರೆ, ತಿಳಿಯಬೇಕು ಎನ್ನದವಳ ತಲೆಯ ಮೇಲೆ ಕಲ್ಲು ಹಾಕಿದಂತೆ, ಹೇಳದಿದ್ದರೆ, ಇವತ್ತು ಬಸ್ಸಿನಲ್ಲೇ ಕಿವಿಯಲ್ಲಿ ಉಸುರಿದಳಲ್ಲ, ಮುಂದಿನ ತಿಂಗಳಿಂದ ಮಗೂಗೆ ಪ್ರಯತ್ನ ಮಾಡೋಣ ಅಂತಿದಾರೆ ಕಣೇ ಇವರು, ಬಾಯಲ್ಲಿ ಬಿಸಿತುಪ್ಪ, ನುಂಗುವುದೋ ಉಗುಳುವುದೋ, ಮುಖ ಎಲ್ಲಿ ಬಚ್ಚಿಡುವುದು, ಚಿಕ್ಕಂದಿನಿಂದಲೂ ಅವಳದು ಒಂದೇ ಮಾತು, ನೀನು ಬಾಯಿ ಬಿಡೋದೇ ಬೇಡ ಅಕ್ಕ, ನಿನ್ನ ಮುಖ ಸಾಕು ನಂಗೆ.

ಸಭಿಕರು ಯಾರಾದ್ರೂ ಮಾತಾಡ್ತೀರಾ ಎಂದರೆ ಎದ್ದವಳು ಯಾರು, ಇವಳೇ, ಬೇಡ ಕೂತ್ಕೋ ಎಂದು ಸೆರಗು ಜಗ್ಗುವಷ್ಟರಲ್ಲಿ ಮೈಕು ಕೈಗೆ ಬಂದಾಗಿದೆ, ಕನ್ನಡಕದ ಅಂಗಡಿಯಲ್ಲಿ ಸಾಸಿವೆಗಿಂತ ಚಿಕ್ಕ ತಿರುಪು ಕೂರಿಸುವ ಕೈ, ನಮ್ಮಮ್ಮಂಗೆ ಆ ಕಾಯಿಲೆ ಇತ್ತು, ನಮ್ಮಕ್ಕ ಲ್ಯಾಬಲ್ಲೇ ಇರೋದು, ಒಂದು ದಿನಾನೂ ನಾನು ನೋಡು ಅಂದಿಲ್ಲ, ಅವಳೂ ನೋಡಿಲ್ಲ, ಅದು ನಂಬಿಕೆ ಅಂದ್ರೆ ಅಲ್ವಾ ಅಕ್ಕ — ತಿರುಗಿದಳು, ಇಡೀ ಸಭೆ ತಿರುಗಿತು, ನಗು ಮುಖವೇ ನಗು, ನಗುತ್ತಿದೆ ಮುಖ, ಕಣ್ಣು ಅವಳ ಕಣ್ಣಲ್ಲೇ ಇರಲಿ, ಕೆಳಗೆ ಬೇಡ, ಮೈಕಿನ ಕಡೆ ಬೇಡ, ಹೋಯಿತು, ಹಾಳು ಕಣ್ಣು ಹೋಗಿಯೇಬಿಟ್ಟಿತು, ತಂಗಿಯ ಮಾತು ಅರ್ಧಕ್ಕೆ ನಿಂತಿತು, ಅಕ್ಕನ ಕಣ್ಣು ಹೋದಲ್ಲಿಗೇ ಅವಳೂ ನೋಡುತ್ತಿದ್ದಾಳೆ, ಮೈಕಿನ ಸುತ್ತ ನಾಲ್ಕು ಬೆರಳು ಬಿಗಿಯಾಗಿ, ಕಿರುಬೆರಳು, ಟಕ್, ಕಿರುಬೆರಳು