ಎಲ್ಲಾ ಸರಿ ಎನ್ನುವ ರೇಡಿಯೊ

ತಿರುವನಂತಪುರದ ಪಟ್ಟಂನ ಕಚೇರಿಯಲ್ಲಿ ಸತ್ತ ಧರಣೇಂದ್ರ ದಿನಾ ಮಾತಾಡುತ್ತಿದ್ದ. ಅದೂ ಬದುಕಿರುವ ಉಪೇಂದ್ರರ ದನಿಯಲ್ಲಿ!

ಮೀನುದೋಣಿಗಳಿಗೆ ರೇಡಿಯೊ ಮಾಡುವ ಸಣ್ಣ ಕಂಪನಿ ಅದು. ಫೋರ್ಟ್ ಕೊಚ್ಚಿಯ ದೋಣಿಯಿಂದ ಹೊರಟ ಮಾತು ದಡದ ಗೋಪುರ ತಲುಪಿ, ಕೇಬಲ್ ಹಿಡಿದು ತಿರುವನಂತಪುರಕ್ಕೆ ಬರುತ್ತಿತ್ತು. ಕಳಿಸಿದ್ದನ್ನೂ ಬಂದದ್ದನ್ನೂ ಹೋಲಿಸಲು ಗೊತ್ತಿರುವ ಮಾತೊಂದು ಬೇಕು. ಮಿಮಿಕ್ರಿ ಹುಚ್ಚಿನ ಧರಣೇಂದ್ರ ಮೇಲಧಿಕಾರಿ ಉಪೇಂದ್ರರ ಮೂಗುದನಿಯಲ್ಲಿ, "ಎಲ್ಲಾ ಸರಿ ಇದೆ ಕಣಮ್ಮಾ" ಎಂದು ಮುದ್ರಿಸಿಟ್ಟಿದ್ದ.

ಪೈಪೋಟಿ, ಮಾತನ್ನು ರೇಡಿಯೊ ಅಲೆಯ ಮೇಲೆ ಹೊರಿಸುವ ಎರಡು ವಿಧಾನಗಳಿಗೆ. ಬಿಪಿಎಸ್‌ಕೆ ಒಂದು ಸಲಕ್ಕೆ ಒಂದೇ ಬಿಟ್ ಹೊರುವ ಬಡಕಲು ಹಮಾಲಿ. ನಿಧಾನ, ಆದರೆ ಸಿಗ್ನಲ್ ಸೊರಗಿದರೂ ಹೊರೆ ಬೀಳಿಸುವುದು ಕಡಿಮೆ. ಹದಿನಾರು-ಕ್ವಾಮ್ ಒಮ್ಮೆಗೇ ನಾಲ್ಕು ಹೊರುವ ಜಟ್ಟಿ. ಕಾಲು ಜಾರಿದರೆ ನಾಲ್ಕೂ ನೆಲಕ್ಕೆ. ಫೋಟೊ, ವಿಡಿಯೊ ಎಲ್ಲ ಹೋಗುತ್ತದೆಂದು ಉಪೇಂದ್ರರಿಗೆ ಜಟ್ಟಿಯೇ ಇಷ್ಟ. ಗಿರಾಕಿಗೆ ಮೌನ ಕೇಳಿಸಬಾರದೆಂದು, ಕಳೆದುಹೋದ ತುಣುಕಿನ ಜಾಗದಲ್ಲಿ ಹಿಂದಿನದನ್ನೇ ತೇಪೆಯಾಗಿ ಮತ್ತೆ ಮತ್ತೆ ನುಡಿಸುವಂತೆ ಮಾಡಿಸಿದವರೂ ಅವರೇ.

ಜೂನ್‌ನಲ್ಲಿ ರೇಡಿಯೊ ಅಲೆಗೂ ನೀರಿನ ಅಲೆಗೂ ಜಗಳವಾಗಿ ನೀರಿನದು ಗೆದ್ದಿತು. ಪರೀಕ್ಷೆಗೆಂದು ಧರಣೇಂದ್ರ ಹತ್ತಿದ್ದ ದೋಣಿ ಮಗುಚಿತು. ಪಟ್ಟಂನಲ್ಲಿ ಕೂತು ಪರೀಕ್ಷೆಯ ಹೊಣೆ ಹೊತ್ತಿದ್ದ ಕೃಪಾಗೆ ಮಾತ್ರ "ಸರಿ ಇದೆ, ಸರಿ ಇದೆ" ಕೇಳಿಸುತ್ತಲೇ ಇತ್ತು. ಹುಡುಕಲು ಹೊರಡುವಷ್ಟರಲ್ಲಿ ತಡವಾಗಿತ್ತು.

ಈಗ ಅದೇ ರೇಡಿಯೊ ಮಾರಾಟಕ್ಕೆ ಸಿದ್ಧ. ಕೃಪಾ ಹೂಂ ಅನ್ನುವುದೊಂದೇ ಬಾಕಿ. ಹೋಲಿಕೆ ಕೆಡಬಾರದೆಂದು ಹೊಸ ದೋಣಿಗೂ ಧರಣೇಂದ್ರನ ದನಿಯನ್ನೇ ಹಾಕಿದ್ದರು.

"ಸರಾಸರಿ ತಪ್ಪು ನೂರಕ್ಕೆ ಒಂದೂ ಇಲ್ವಲ್ಲಮ್ಮಾ," ಎಂದರು ಉಪೇಂದ್ರ.

"ಸರಾಸರೀಲಿ ಯಾರೂ ಮುಳುಗಲ್ಲ ಸಾರ್. ಸಿಗ್ನಲ್ ಕುಸಿದ ಗಳಿಗೇಲಿ ಮುಳುಗ್ತಾರೆ. ಕೇಳಿ."

ಹೊಸ ದೋಣಿಯಲ್ಲಿದ್ದ ಅಲ್ವಿನ್‌ಗೆ ಫೋನ್ ಮಾಡಿದಳು. "ಚೇಟ್ಟಾ, ಆಂಟೆನಾ ಊರಿಕ್ಕೋ."

ಅವನು ಆಂಟೆನಾ ಕಳಚಿದ. ಸ್ಪೀಕರ್ ನಿಲ್ಲಲಿಲ್ಲ.

"ಸರಿ ಇದೆ, ಸರಿ ಇದೆ, ಸರಿ ಇದೆ..."

ಉಪೇಂದ್ರರ ಕೈ ತಮ್ಮ ಗಂಟಲಿಗೆ ಹೋಯಿತು. "ಇದು... ನನ್ನ ದನಿ."

"ಹೌದು ಸಾರ್. ಅವತ್ತೂ ನೀವೇ ಹೇಳಿದ್ದು."

"ನಿಲ್ಸಮ್ಮಾ!"

ಅವಳು ತೇಪೆ ಹಚ್ಚುವುದನ್ನು ನಿಲ್ಲಿಸಿ, ತನ್ನ ಕಡೆ ಬಿಪಿಎಸ್‌ಕೆಗೆ ಬದಲಿಸಿ, ದೋಣಿಯಲ್ಲೂ ಬದಲಿಸಲು ಅಲ್ವಿನ್‌ಗೆ ಫೋನಿನಲ್ಲೇ ಹೇಳಿದಳು. ಕೋಣೆ ಗಪ್ಪಾಯಿತು. ಆಂಟೆನಾ ಕಳಚಿಸಿದ್ದು ಕಣ್ಣೆದುರೇ ಆದರೂ, ಉಪೇಂದ್ರರು ಅವಳ ಕೈಯಿಂದ ಫೋನ್ ಕಸಿದುಕೊಂಡರು. "ಅಲ್ವಿನ್? ಅಲ್ವಿನ್!"

"ಇವಿಡೆ ಉಂಡ್ ಸಾರೇ. ಎಂತಾ?" ಇಲ್ಲೇ ಇದ್ದೀನಿ, ಏನಾಯ್ತು ಎಂದು ಅಲ್ವಿನ್ ಕೇಳಿದ.

ಉಪೇಂದ್ರರು ಫೋನ್ ಅವಳಿಗೆ ಹಿಂದಿರುಗಿಸಿದರು. "ನಿಧಾನದ್ದೇ ಇರಲಿ," ಎಂದರು ಕೊನೆಗೆ. "ಮೌನಾನೂ ಕೇಳಿಸ್ಲಿ."

ಅಲ್ವಿನ್ ಆಂಟೆನಾ ಮತ್ತೆ ಸಿಕ್ಕಿಸಿದ. ತುಸು ತಡವಾಗಿ, ಇಡಿಯಾಗಿ, ಸತ್ತವನು ನುಡಿದ:

"ಎಲ್ಲಾ ಸರಿ ಇದೆ ಕಣಮ್ಮಾ."

ಆ ದಿನ ಬಾರದೆ ಉಳಿದಿದ್ದ ಕೊನೆಯ ಪದ, ಆ 'ಕಣಮ್ಮಾ', ಕೇಳಿ ಕೃಪಾಳ ಮೈ ಜುಮ್ಮೆಂದಿತು.