ಖಾಡಿಯ ಮೂರನೆಯ ನಾಳೆ

ಮರಾಠಿ ಸೀಮೆಯ ಮಹಾಪೆಯ ಒಂದು ಸಲಹಾ ಕಂಪನಿಯಲ್ಲಿ ಅನಘ ಎರಡು ವರ್ಷದಿಂದ ಒಂದೇ ಕೆಲಸಕ್ಕೆ ಅಂಟಿಕೊಂಡಿದ್ದಳು. ಕಡಲ ನೀರು ಒಳನುಗ್ಗುವ ಖಾಡಿಯ ದಡದ ಜೌಗುನೆಲಕ್ಕೆ ಮುಂದೆ ಏನಾದೀತು ಎಂದು ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿ ನೋಡುವ ಕೆಲಸ. ಅವಳ ಮುಂದೆ ಮೂರು ಸಾಧ್ಯತೆಗಳಿದ್ದವು: ಪೂರ್ತಿ ಮಣ್ಣು ತುಂಬಿ ಕಟ್ಟಡ ಎಬ್ಬಿಸುವುದು, ಅರ್ಧ ತುಂಬುವುದು, ಉಪ್ಪುನೀರಿನಲ್ಲಿ ಬೆಳೆದ ಕಾಂಡ್ಲಾ ಕಾಡನ್ನು ಇದ್ದ ಹಾಗೇ ಬಿಡುವುದು. ಮೊದಲೆರಡರಲ್ಲೂ ಫ್ಲೆಮಿಂಗೋಗಳು ಇಲ್ಲವಾಗುತ್ತಿದ್ದವು, ಮೀನು ಮರಿ ಮಾಡುವ ಜಾಗ ಹೋಗುತ್ತಿತ್ತು. ಕಡಲು ಉಕ್ಕುವ ಭರತದ ಹೊತ್ತಿಗೆ ಜೋರು ಮಳೆ ಬಂದರೆ ಕಳವಾ ಎಂಬಲ್ಲಿನ ತಗ್ಗಿನ ಒಂಟಿಕೋಣೆಯ ಖೋಲಿಗಳಿಗೆ ಮೊಣಕಾಲುದ್ದ ನೀರು.

ಅದು ನಿಜವೇ ಎಂದು ನೋಡಲು ಅನಘ ಕಳವಾಕ್ಕೇ ಹೋದಳು. ಕಲಬುರಗಿ ಕಡೆಯಿಂದ ಬಂದು ಗಾರೆ ಕೆಲಸ ಮಾಡುತ್ತಿದ್ದ ಚಂದ್ರಬಾಯಿ ತನ್ನ ಗೋಡೆಯ ನೀರಿನ ಕಲೆ ತೋರಿಸಿದಳು. ಅದು ಅವಳ ಸೊಂಟದ ಮಟ್ಟಕ್ಕಿತ್ತು.

"ಹ್ವಾದ ವರ್ಷ ಆ ಕಡಿ ಒಂದೀಟು ಮಣ್ಣು ಹಾಕಿದ್ರವ್ವ, ಅಷ್ಟಕ್ಕs ಇಷ್ಟು ಬಂತು. ಅರ್ಧ ತುಂಬಿದ್ರ ನಾವೆಲ್ಲಿ ನಿಂದ್ರೋಣು?"

ಅನಘ ಬಸ್ತಿ ಎನ್ನುವ ಆ ಕೂಲಿಕೇರಿಯ ನಲವತ್ತು ಗೋಡೆಗಳನ್ನು ಅಳೆದು ಮಾದರಿಯನ್ನು ತಿದ್ದಿದಳು. ಈಗ ಮಣ್ಣು ತುಂಬಿದರೆ ಬರುವ ನೀರು ಮಾದರಿಯಲ್ಲಿ ಎದೆಮಟ್ಟ ಏರಿತು.

ಮೇಲಧಿಕಾರಿ ಸಂಕರ್ಷಣ ವರದಿ ಓದಿ ಮುಖ ಸಿಂಡರಿಸಿದ. "ಮೂರನೇದ್ದು ತೆಗಿ ಮಾರಾಯ್ತಿ. ಎರಡೇ ಇದ್ರೆ ಅರ್ಧ ತುಂಬುವುದೇ ಒಳ್ಳೇದು ಅಂತ ಕಾಣ್ತದೆ."

"ಹಾಗೆ ಕಾಣಬಾರದು ಸರ್. ತೆಗೆಯೂದಿಲ್ಲ."

ಅವನೇ ತೆಗೆದ, ಗೋಡೆಗಳ ಅಳತೆಯನ್ನೂ.

ಬೇಲಾಪುರದ ಸಾರ್ವಜನಿಕ ವಿಚಾರಣೆಯಲ್ಲಿ ಸಂಕರ್ಷಣ ಎರಡು ಸಾಧ್ಯತೆಗಳನ್ನು ತೋರಿಸಿ ಕುಳಿತ. ಹಿಂದಿನ ಸಾಲಿನಿಂದ ಅನಘ ಎದ್ದಳು.

"ಈ ಮಾದರಿ ಕಟ್ಟಿದವಳು ನಾನು. ಇದರಲ್ಲಿ ಮೂರು ಸಾಧ್ಯತೆಗಳಿದ್ದವು. ಒಂದನ್ನು ನಿಮ್ಮಿಂದ ಮುಚ್ಚಿಟ್ಟಿದ್ದಾರೆ, ನಲವತ್ತು ಗೋಡೆಗಳ ನೀರಿನ ಅಳತೆಯನ್ನೂ," ಎಂದು ಮರಾಠಿಯಲ್ಲಿ ಹೇಳಿದಳು.

ಸಂಕರ್ಷಣ, "ಕೂತ್ಕೋ!" ಎಂದು ಗದರಿದ. ಅವಳು ಕೂರಲಿಲ್ಲ. ಅವಳು ಕರೆತಂದಿದ್ದ ಚಂದ್ರಬಾಯಿಯೂ ಪಕ್ಕದಲ್ಲಿ ಎದ್ದು ನಿಂತಳು. "ಸಾಹೇಬ್ರ, ನೀರು ನಮ್ಮ ಮನಿಯಾಗ ಬರ್ತದ, ನಿಮ್ಮ ಕಾಗದದಾಗಲ್ಲ. ಬಂದು ಗ್ವಾಡಿ ನೋಡ್ರಿ!" ಅನಘ ಅದನ್ನು ಒಂದು ಪದವೂ ಬಿಡದೆ ಮರಾಠಿಗೆ ತಿರುಗಿಸಿದಳು.

ವಿಚಾರಣೆ ನಡೆಸುತ್ತಿದ್ದ ಸರ್ಕಾರಿ ಅಧಿಕಾರಿ, ಮೂರೂ ಸಾಧ್ಯತೆಗಳನ್ನು ಗೋಡೆಯ ಅಳತೆಗಳ ಸಮೇತ ತಿಂಗಳೊಳಗೆ ತರಬೇಕು, ಅಲ್ಲಿಯತನಕ ಒಂದು ಲಾರಿ ಮಣ್ಣೂ ಬೀಳಬಾರದು ಎಂದು ಬರೆಸಿದರು.

ಮೆಟ್ಟಿಲ ಮೇಲೆ ಸಂಕರ್ಷಣ ಅನಘಳ ಕಂಪನಿಯ ಗುರುತಿನ ಚೀಟಿ ವಾಪಸು ಕೇಳಿದ. ಅವಳು ಕುತ್ತಿಗೆಯಿಂದ ತೆಗೆದು ಅವನ ಕೈಗಿಟ್ಟಳು.

"ತಿಂಗಳಿಗೆ ಮತ್ತ ಬರೋದದೇನು?" ಎಂದಳು ಚಂದ್ರಬಾಯಿ.

"ಬರಬೇಕು ಅಕ್ಕ. ಇನ್ನೂ ಮುಗಿದಿಲ್ಲ."

"ಹಂಗಾದ್ರ ಬಸ್ತಿ ಪೂರಾ ಕರ್ಕೊಂಡು ಬರ್ತೀನಿ."